ಅತ್ತೆ ಕಟ್ಟಿದ ಹುಳ

ಕಳೆದ ವಾರ ಗರಾಜ್ ಗುಡಿಸುತ್ತಿದ್ದಾಗ ಹಳೆಯ ಶೂ ಡಬ್ಬಿಯೊಂದರಿಂದ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು. ಅದು ಏನೆಂದು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ನಮ್ಮ ಕಾಲದ ಮನೆಗಳಲ್ಲಿ ಅದರೊಳಗೆ ರೀಲೊಂದನ್ನು ಬಿಟ್ಟು ಮಿಕ್ಕೆಲ್ಲ ಇರುತ್ತಿತ್ತು: ಏಲಕ್ಕಿ, ಗುಂಡುಸೂಜಿ, ಊರಿನಿಂದ ಬಂದ ಕುಂಕುಮ. ಮುಚ್ಚಳ ತೆಗೆದೆ. ಕರ್ಪೂರದ ವಾಸನೆ ಬಂತು. ಕರ್ಪೂರ ಯಾವತ್ತೋ ಕರಗಿಹೋಗಿತ್ತು. ತಳದಲ್ಲಿ ಹತ್ತಿಯ ಮೇಲೆ ಅಕ್ಕಿಕಾಳಿಗಿಂತ ತುಸು ಉದ್ದದ ಒಂದು ಹುಳ ಮಲಗಿತ್ತು. ಕಪ್ಪು ಮೈ, ಮೈ ಸುತ್ತ ಚಿನ್ನದ ಗೆರೆ, ಕತ್ತಿನ ಹತ್ತಿರ ನವಿಲುಗರಿಯ ಹಸಿರು. ನಿಜವಾದ ಹುಳವಲ್ಲ, ಮೀನು ಹಿಡಿಯಲೆಂದು ಕೊಕ್ಕೆಗೆ ಕಟ್ಟಿದ್ದು. ಕಟ್ಟಿದವರು ನನ್ನ ಅತ್ತೆ.

ಮೈಸೂರಿನ ಚಾಮುಂಡಿಪುರಂನಲ್ಲಿ ಏಕಾದಶಿಗೆ ನೀರನ್ನೂ ಲೆಕ್ಕ ಹಾಕಿ ಕುಡಿಯುತ್ತಿದ್ದ ಹೆಂಗಸು ಮೀನಿಗೆ ಹುಳ ಕಟ್ಟಿದರು ಎಂದರೆ ನೀವು ನಂಬಲಿಕ್ಕಿಲ್ಲ. ನಮ್ಮ ನೆಂಟರೂ ನಂಬಲಿಲ್ಲ. ಹಾಗಾಗಿ ಮೊದಲಿನಿಂದ ಹೇಳುವುದೇ ವಾಸಿ.

ತೊಂಬತ್ತರ ದಶಕದಲ್ಲಿ ನಾವು ಎಲಿಕಾಟ್ ಸಿಟಿಯ ಅಪಾರ್ಟ್‌ಮೆಂಟೊಂದರಲ್ಲಿದ್ದೆವು. ನನಗೆ ವಾಷಿಂಗ್ಟನ್ನಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ವಾರಾಂತ್ಯ ಬಂದರೆ ಕನ್ನಡದವರೆಲ್ಲ ಯಾರದಾದರೂ ಮನೆಯಲ್ಲಿ ಸೇರಿ ಬಿಸಿಬೇಳೆ ಭಾತ್ ತಿಂದು, ಒಬ್ಬರ ಹೊಸ ಕಾರನ್ನು ಇನ್ನೊಬ್ಬರು ಸುತ್ತಿ ನೋಡಿ, ವೀಸಾದ ಬಗ್ಗೆ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಿದ್ದೆವು. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ವಾಲ್ಟರ್. ಅರವತ್ತು ದಾಟಿದ, ನಿಧಾನಕ್ಕೆ ಮಾತಾಡುವ ಮನುಷ್ಯ. ಅವನು ಒಂದು ವಸಂತದಲ್ಲಿ ನನ್ನನ್ನು ಊರಾಚೆಯ ಕೆರೆಗೆ ಕರೆದುಕೊಂಡು ಹೋದ. ಆ ಕೆರೆಯಲ್ಲಿ ರೇನ್‌ಬೋ ಟ್ರೌಟ್ ಎಂಬ ಮೀನು. ಪಕ್ಕೆಯುದ್ದಕ್ಕೂ ಕುಂಕುಮ ತೀಡಿದಂಥ ಪಟ್ಟೆ. ತಣ್ಣೀರಿನ ಜೀವಿ. ಚಳಿಗಾಲ ಮುಗಿಯುವ ಹೊತ್ತಿಗೆ ಸರ್ಕಾರದವರು ಲಾರಿಯಲ್ಲಿ ತಂದು ಬಿಡುತ್ತಿದ್ದರು. ನೀರಿನಲ್ಲಿ ಹುಳಹುಪ್ಪಟೆ ಹೇರಳವಾಗಿದ್ದುದರಿಂದ ಮೀನುಗಳು ದಿನದಿನಕ್ಕೆ ಕೊಬ್ಬುತ್ತಿದ್ದವು.

ವಾಲ್ಟರ್ ಕಲಿಸಿದ ವಿದ್ಯೆಯಲ್ಲಿ ಎರೆಹುಳ ಚುಚ್ಚುವುದಿಲ್ಲ. ದಾರ, ಗರಿ, ಕೂದಲನ್ನು ಕೊಕ್ಕೆಗೆ ಸುತ್ತಿ ಹುಳದಂತೆ ಕಾಣಿಸಬೇಕು. ಅದನ್ನು ಉದ್ದನೆಯ ಹಗುರ ಕೋಲಿನಿಂದ ಬೀಸಿ ನೀರಿಗೆ ಇಳಿಸಬೇಕು. ಮೀನು ಸಿಕ್ಕರೆ ಕಣ್ತುಂಬ ನೋಡಿ ಮತ್ತೆ ನೀರಿಗೇ ಬಿಡಬೇಕು. ಈ ಕೊನೆಯ ಮಾತೇ ನನ್ನನ್ನು ಕೆಡಿಸಿದ್ದು. ತಿನ್ನುವುದಿಲ್ಲ ಎಂದ ಮೇಲೆ ದೋಷವೇನು ಎಂದು ನನ್ನ ಸಸ್ಯಾಹಾರಿ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮೀನಿನ ಅಭಿಪ್ರಾಯ ಕೇಳಲಿಲ್ಲ.

ಎರಡು ವಸಂತ ಕಳೆದರೂ ನನಗೆ ಒಂದೂ ಮೀನು ಸಿಗಲಿಲ್ಲ. ಹಿಂದಿನ ಮರ ಸಿಕ್ಕಿತು, ನನ್ನದೇ ಟೋಪಿ ಸಿಕ್ಕಿತು, ಒಮ್ಮೆ ವಾಲ್ಟರನ ಕಿವಿ ಸಿಕ್ಕಿತು. ಅವನು ಆಗ ಹೇಳಿದ್ದು ಎರಡೇ ಮಾತು. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿ ಒಂದು ಸಣ್ಣ ಮುಳ್ಳಿರುತ್ತದೆ, ಅದನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡು, ಬಿಡುವಾಗ ಮೀನಿಗೆ ನೋವಾಗುವುದಿಲ್ಲ. ಇನ್ನೊಂದು, ನಿಂತ ನೀರಿನಲ್ಲಿ ಅವಸರ ಮಾಡಬೇಡ. ಎರಡನ್ನೂ ನಾನು ಕೇಳಲಿಲ್ಲ. ಮೀನೇ ಬಾರದವನಿಗೆ ಬಂದ ಮೀನನ್ನು ಬಿಡುವ ಚಿಂತೆ ಯಾಕೆ ಎಂದು ಮುಳ್ಳನ್ನು ಹಾಗೆಯೇ ಉಳಿಸಿಕೊಂಡೆ.

ಅಷ್ಟರಲ್ಲಿ ನನ್ನ ಹೆಂಡತಿ ಶೈಲಾ ಬಸುರಾದಳು. ಭಾನುವಾರದ ಫೋನಿನಲ್ಲಿ ಅತ್ತೆಗೆ ವಿಷಯ ತಿಳಿಯಿತು. ಎರಡು ವಿಷಯಗಳೂ ತಿಳಿದವು.

"ನೀವು ಮೀನು ಹಿಡಿಯೋಕೆ ಹೋಗ್ತೀರಂತೆ," ಎಂದರು. "ಬಸುರಿ ಹೆಂಡ್ತಿ ಇರೋರು ಕುಂಬಳಕಾಯಿ ಕೂಡ ಒಡೀಬಾರ್ದು ಅಂತಾರೆ. ಹೆರಿಗೆ ಆಗೋವರ್ಗೂ ಬೇಡ ಅಳಿಯಂದ್ರೇ, ದೋಷ ಅದು."

"ಬಿಟ್ಬಿಟ್ಟೆ ಅತ್ತೆ," ಎಂದೆ. ಕೋಲು ಆಗ ಕಾರಿನ ಟ್ರಂಕಿನಲ್ಲಿತ್ತು.

ಮೇ ತಿಂಗಳ ಕೊನೆಗೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಮಾರ್ಚ್‌ನ ಒಂದು ಶನಿವಾರ ಬೆಳಿಗ್ಗೆ, ಎರಡೇ ಗಂಟೆಯಲ್ಲಿ ಬರುತ್ತೇನೆಂದು ಶೈಲಾಗೆ ಹೇಳಿ ಕೆರೆಗೆ ಹೋದೆ. ಅವತ್ತು ಮೊದಲ ಬಾರಿಗೆ ಮೀನು ಕಚ್ಚಿತು. ನೀರಿನಿಂದ ಮೇಲಕ್ಕೆ ಹಾರಿ ಹೊಳೆಯಿತು. ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ದಾರ ತುಂಡಾಯಿತು. ಮುಳ್ಳಿದ್ದ ಕೊಕ್ಕೆಯನ್ನು ಬಾಯಲ್ಲಿಟ್ಟುಕೊಂಡೇ ಅದು ಹೋಯಿತು. ಇನ್ನೊಮ್ಮೆ ಬಂದೀತೆಂದು ಮತ್ತೆ ಒಂದು ಗಂಟೆ ಕೂತೆ. ಮನೆಗೆ ಬಂದರೆ ಬಾಗಿಲಿಗೆ ಎದುರು ಮನೆಯವಳ ಚೀಟಿ: ಶೈಲಾಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದೇನೆ, ಬೇಗ ಬಾ. ಆಗ ನಮ್ಮ ಯಾರ ಕೈಯಲ್ಲೂ ಫೋನಿರಲಿಲ್ಲ. ನಾನು ತಲುಪುವಷ್ಟರಲ್ಲಿ ಮಗಳು ಹುಟ್ಟಿಯಾಗಿತ್ತು.

ಗಾಜಿನ ಪೆಟ್ಟಿಗೆಯಲ್ಲಿ ಒಂದು ಬೊಗಸೆಯಷ್ಟು ಮಗು. ಬಾಯಲ್ಲಿ ಸಣ್ಣ ನಳಿಗೆ, ಅದು ಜಾರದಂತೆ ಕೆನ್ನೆಗೆ ಟೇಪು. ನಾನು ಕಂಪ್ಯೂಟರಿನವನು, ದೋಷ ಗೀಷ ನಂಬುವವನಲ್ಲ. ಆದರೂ ಆ ನಳಿಗೆಯನ್ನು ನೋಡಿದ ಕ್ಷಣ ನನಗೆ ನೆನಪಾದದ್ದು ಆ ಮೀನಿನ ಬಾಯಿ.

ಕೆಲವು ದಿನಗಳಲ್ಲಿ ನಳಿಗೆ ತೆಗೆದರು. ಅದಿತಿ ಎಂದು ಹೆಸರಿಟ್ಟೆವು. ಒಂದು ತೊಂದರೆ ಮಾತ್ರ ಉಳಿಯಿತು. ಬೇಗ ಹುಟ್ಟಿದ ಮಕ್ಕಳು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತವಂತೆ. ಮರೆತರೆ ಯಂತ್ರದ ಗಂಟೆ ಹೊಡೆಯುತ್ತಿತ್ತು. ನರ್ಸ್ ಬಂದು ಅಂಗಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಳು, ಮಗು ನೆನಪಿಸಿಕೊಂಡಂತೆ ಉಸಿರೆಳೆಯುತ್ತಿತ್ತು. ಗಂಟೆ ಹೊಡೆಯದೆ ಐದು ದಿನ ಕಳೆದರೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ನಾವು ಮೂರನೆಯ ದಿನಕ್ಕೆ ಬರುತ್ತಿದ್ದೆವು, ನಾಲ್ಕಕ್ಕೆ ಬರುತ್ತಿದ್ದೆವು, ಗಂಟೆ ಹೊಡೆಯುತ್ತಿತ್ತು, ಮತ್ತೆ ಒಂದರಿಂದ ಶುರು. ಶೈಲಾ ಪೆಟ್ಟಿಗೆಯ ಕಿಂಡಿಯಲ್ಲಿ ಕೈಯಿಟ್ಟು ಗಂಟೆಗಟ್ಟಲೆ ಮಗುವನ್ನು ಮುಟ್ಟಿಕೊಂಡು ಕೂರುತ್ತಿದ್ದಳು. ನಾನು ನೆಗಡಿಯ ನೆಪ ಹೇಳಿ ಎರಡು ಹೆಜ್ಜೆ ಹಿಂದೆ ನಿಂತು ಅದರ ಎದೆಯ ಏರಿಳಿತ ಎಣಿಸುತ್ತಿದ್ದೆ.

ಅತ್ತೆ ಏಪ್ರಿಲ್ ಮೊದಲಲ್ಲಿ ಬಂದಿಳಿದರು. ಬಾಣಂತಿ ಖಾರ, ಲೇಹ್ಯ, ಸೀಗೇಪುಡಿ, ಮಗುವಿಗೆ ಹಳೇ ಸೀರೆಯ ಮೆತ್ತನೆ ಬಟ್ಟೆ, ಎಲ್ಲ ತಂದಿದ್ದರು. ಎಣ್ಣೆ ಹಚ್ಚಿ ನೀರು ಹಾಕಲು ಮಾತ್ರ ಮನೆಯಲ್ಲಿ ಮಗುವಿಲ್ಲ. ಸುಮ್ಮನಿರಲಾರದ ಅವರ ಕೈಗಳು ಅಪಾರ್ಟ್‌ಮೆಂಟಿನ ಬೇಲಿಯಲ್ಲಿ ಅರಳಿದ್ದ ಹಳದಿ ಹೂವಿಗೆ ಬಿದ್ದವು. ಕಾರ್ಪೆಟ್ ಮೇಲೆ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ಮೈಸೂರಿನಲ್ಲಿ ಮಲ್ಲಿಗೆ ಕಟ್ಟಿದ ಹಾಗೆಯೇ ಮೊಳಗಟ್ಟಲೆ ಕಟ್ಟಿದರು. ಮೈಕ್ರೋವೇವ್ ಮೇಲಿದ್ದ ದೇವರ ಪಟಕ್ಕೆ ದಿನವೂ ಹೊಸ ಹಾರ. ಬೇಲಿ ಬೋಳಾಗತೊಡಗಿದಾಗ ಮ್ಯಾನೇಜರ್ ಜಿಂಕೆಗಳನ್ನು ಬೈಯುತ್ತ ಓಡಾಡಿದ.

ಒಂದು ಮಧ್ಯಾಹ್ನ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಹಿಂದಿನ ದಿನವಷ್ಟೇ ನಾಲ್ಕರಿಂದ ಮತ್ತೆ ಒಂದಕ್ಕೆ ಬಿದ್ದಿದ್ದೆವು. ಕೆಂಪು ದೀಪಕ್ಕೆ ಕಾರು ನಿಲ್ಲಿಸಿದಾಗ ಮಾತು ತಾನಾಗಿ ಹೊರಬಂತು.

"ಅತ್ತೆ, ನಾನು ನಿಮಗೆ ಸುಳ್ಳು ಹೇಳಿದ್ದೆ. ಮೀನು ಹಿಡಿಯೋದು ಬಿಟ್ಟಿರ್ಲಿಲ್ಲ. ಇವಳಿಗೆ ನೋವು ಬಂದಾಗ್ಲೂ ಕೆರೆ ಹತ್ರಾನೇ ಇದ್ದೆ. ಒಂದು ಮೀನು ಕೊಕ್ಕೆ ಸಮೇತ ಹೋಯ್ತು. ಅದಕ್ಕೇ ಮಗೂಗೆ ಹೀಗಾಗ್ತಿದೆ."

ದೀಪ ಹಸಿರಾಯಿತು. ಹಿಂದಿನವನು ಹಾರ್ನ್ ಮಾಡಿದ. "ಮುಂದೆ ಹೋಗಿ," ಎಂದರು ಅತ್ತೆ. ಎರಡು ಸಿಗ್ನಲ್ ದಾಟಿದೆ.

"ನಾನು ಹಾಗಂದಿದ್ದು ಮೀನಿಗೋಸ್ಕರ ಅಂದ್ಕೊಂಡ್ರಾ?" ಎಂದರು ಆಮೇಲೆ. "ಹೊಟ್ಟೇಲಿ ಮಗು ಇರೋವಾಗ ಗಂಡ ಮನೆ ಹತ್ರ ಇರ್ಲಿ ಅಂತ ಹೇಳಿದ್ದು. ಹಾಗೇ ಹೇಳಿದ್ರೆ ಗಂಡಸರು ಕೇಳ್ತಾರಾ? ದೋಷ ಅಂದ್ರೆ ಒಂಚೂರು ಹೆದರ್ತಾರೆ. ಹೆದರ್ಬೇಕಾದಾಗ ನೀವು ಹೆದರ್ಲಿಲ್ಲ, ಈಗ ಹೆದರ್ಕೊಂಡು ಮಗೂನ ಮುಟ್ತಾ ಇಲ್ಲ. ನಾನು ನೋಡ್ತಾನೇ ಇದೀನಿ."

ನನಗೆ ನಗುವೂ ಬಂತು, ಅಳುವೂ ಬಂತು. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಎರಡನೆಯದನ್ನೇ ಮಾಡಿದೆ. ಅವರು ಕಿಟಕಿಯಾಚೆ ನೋಡುತ್ತ ನನ್ನ ಮರ್ಯಾದೆ ಉಳಿಸಿದರು.

"ಆ ಮೀನು ಏನಾಗಿರತ್ತೆ?" ಎಂದು ಕೇಳಿದರು.

"ಕೊಕ್ಕೆ ತುಕ್ಕು ಹಿಡಿದು ತಾನೇ ಬಿದ್ದೋಗತ್ತೆ ಅಂತಾನೆ ವಾಲ್ಟರ್."

"ಅವನು ಹೋಗಿ ನೋಡಿದಾನಾ?" ಎಂದರು. "ಒಂದನ್ನಾದ್ರೂ ಸರಿಯಾಗಿ ಬಿಟ್ಟು ಬನ್ನಿ. ಇಲ್ದಿದ್ರೆ ನೀವು ಜನ್ಮವಿಡೀ ಹೀಗೇ ದೂರ ನಿಂತಿರ್ತೀರ."

ಸಂಜೆ ನನ್ನ ಸಾಮಾನಿನ ಪೆಟ್ಟಿಗೆ ತರಿಸಿಕೊಂಡರು. ನಾನು ಕಟ್ಟಿದ್ದ ಹುಳಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. "ಇದೇನು, ಜಡೆ ಬಿಚ್ಚಿಕೊಂಡ ಹಾಗಿದೆ," ಎಂದರು. ನವಿಲುಗರಿ ಕಂಡಾಗ ಕೈ ಹಿಂದೆಳೆದರು. ಅದು ನವಿಲು ತಾನಾಗಿ ಉದುರಿಸಿದ್ದು ಎಂದು ನನ್ನ ಬಾಯಿಂದ ಎರಡು ಸಲ ಹೇಳಿಸಿ ಮುಟ್ಟಿದರು. ಕೊಕ್ಕೆಯ ಮುಳ್ಳನ್ನು ತಾವೇ ಇಕ್ಕಳದಿಂದ ಅಮುಕಿ, ಬೆರಳಿನಲ್ಲಿ ಸವರಿ ನೋಡಿ, ಮತ್ತೊಮ್ಮೆ ಅಮುಕಿದರು. ಕೊಕ್ಕೆ ಹಿಡಿಯಲು ವಾಲ್ಟರ್ ಕೊಟ್ಟಿದ್ದ ಕಬ್ಬಿಣದ ಹಿಡಿಕೆ ಅವರಿಗೆ ಬೇಡವಾಯಿತು. ಕಪ್ಪು ದಾರದ ತುದಿಯನ್ನು ಹೆಬ್ಬೆರಳಿಗೆ ಬಿಗಿದುಕೊಂಡು ಕೊಕ್ಕೆಯನ್ನು ಬೆರಳಲ್ಲೇ ತಿರುಗಿಸುತ್ತ ಸುತ್ತಿದರು. ನವಿಲುಗರಿಯ ಎರಡು ಎಳೆ ಕತ್ತಿಗೆ. ಹಳೆಯ ರೇಷ್ಮೆ ರವಿಕೆಯ ಅಂಚಿನಿಂದ ಬಿಡಿಸಿದ ಜರಿಯ ಎಳೆ ಮೈಗೆ. ಹೂವಿನ ಗಂಟು ಹಾಕಿ ಬಿಗಿದರು. ಇಂಥವು ಎರಡು ಕಟ್ಟಿದರು. ನಾನು ಎರಡು ವರ್ಷದಲ್ಲಿ ಕಟ್ಟಿದ್ದೆಲ್ಲ ಅದರ ಮುಂದೆ ಕಸ.

ಮರುದಿನ ಬೆಳಿಗ್ಗೆ ಅವರೂ ಕೆರೆಗೆ ಬಂದರು. ಸೀರೆ, ಅದರ ಮೇಲೆ ನನ್ನ ಜಾಕೆಟ್, ಕಾಲಿಗೆ ಶೈಲಾಳ ಕ್ಯಾನ್ವಾಸ್ ಶೂ. ನಾನು ಬೀಸಿದೆ, ಎಳೆದೆ, ಮತ್ತೆ ಬೀಸಿದೆ. ಅವರು ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರನ್ನು ನೋಡುತ್ತಿದ್ದರು. ತಳದಿಂದ ಸಣ್ಣ ಕಪ್ಪು ಹುಳಗಳು ಮೇಲಕ್ಕೇರುತ್ತಿದ್ದವು.

"ಯಾಕೆ ಹಾಗೆ ಎಳೀತೀರ?" ಎಂದರು. "ಇಲ್ನೋಡಿ, ಇವು ಎಷ್ಟು ನಿಧಾನಕ್ಕೆ ಬರ್ತಿವೆ. ನಿಮ್ಮ ಹುಳಕ್ಕೆ ಮಾತ್ರ ಏನು ಆಫೀಸಿಗೆ ಲೇಟಾಗಿದ್ಯಾ?"

ಎಳೆಯುವುದನ್ನು ನಿಲ್ಲಿಸಿದೆ. ಸುಮ್ಮನೆ ನಿಲ್ಲುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ದಾರ ನೀರಿನ ಮೇಲೆ ಮಲಗಿತ್ತು. ಬಹಳ ಹೊತ್ತಾದ ಮೇಲೆ ಅದು ಯಾರೋ ಕರೆದಂತೆ ಪಕ್ಕಕ್ಕೆ ಸರಿಯಿತು.

ಈ ಸಲ ಸೆಣಸಲಿಲ್ಲ. ಮೀನು ಓಡಿದಾಗ ದಾರ ಬಿಟ್ಟೆ, ನಿಂತಾಗ ಸುತ್ತಿದೆ. ದಡಕ್ಕೆ ಬಂದ ಮೀನಿನ ತುಟಿಯಿಂದ ಮುಳ್ಳಿಲ್ಲದ ಕೊಕ್ಕೆ ಸಲೀಸಾಗಿ ಕಳಚಿತು. ಆದರೆ ಮೀನು ಹೋಗಲಿಲ್ಲ. ದಣಿದು ಪಕ್ಕಕ್ಕೆ ವಾಲಿತು. ಕಿವಿರು ಆಡುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಮೀನನ್ನು ತಳ್ಳಬಾರದು, ನೀರಿನೊಳಗೇ ನೆಟ್ಟಗೆ ಹಿಡಿದುಕೊಂಡು ಕಾಯಬೇಕು ಎಂದು ವಾಲ್ಟರ್ ಹೇಳಿದ್ದ. ಮಂಡಿಯೂರಿ ಎರಡೂ ಕೈಯಲ್ಲಿ ಹಿಡಿದೆ. ನೀರು ಕೊರೆಯುತ್ತಿತ್ತು.

ಅತ್ತೆ ಪಕ್ಕದಲ್ಲಿ ಬಂದು ಕೂತರು. "ಉಸಿರಾಡು ಪುಟ್ಟಾ," ಎಂದರು ಮೆಲ್ಲಗೆ. ಗಾಜಿನ ಪೆಟ್ಟಿಗೆಯ ಮುಂದೆ ದಿನವೂ ಹೇಳುತ್ತಿದ್ದ ಮಾತು. ಆಮೇಲೆ, ಜನ್ಮದಲ್ಲಿ ಮೀನು ಮುಟ್ಟದ ಆ ಹೆಂಗಸು ತೋರುಬೆರಳು ಚಾಚಿ ಅದರ ಬಾಲದ ಬುಡವನ್ನು ತಟ್ಟಿದರು.

ಕಿವಿರು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ನನ್ನ ಬೊಗಸೆಯಲ್ಲಿ ಅದರ ಮೈ ಬಿಗಿಯಾಗುವುದು ತಿಳಿಯಿತು. ಕೈ ಸಡಿಲಿಸಿದೆ. ಮೀನು ಅವಸರವಿಲ್ಲದೆ ಆಳಕ್ಕೆ ಹೋಯಿತು. "ಸರಿ, ಮನೆಗೆ ಹೋಗಿ ತಲೆಗೆ ಸ್ನಾನ ಮಾಡ್ಬೇಕು," ಎಂದು ಅತ್ತೆ ಎದ್ದರು.

ಅಂದಿನಿಂದ ಗಂಟೆ ಹೊಡೆಯಲೇ ಇಲ್ಲ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಅದೇ ಸಂಜೆ ಹೊಡೆಯಿತು. ನರ್ಸ್ ಆಚೆಯ ಪೆಟ್ಟಿಗೆಯ ಮಗುವಿನ ಹತ್ತಿರ ಇದ್ದಳು, ಶೈಲಾ ಕಾಫಿಗೆ ಹೋಗಿದ್ದಳು. ನನ್ನ ಕೈ ನನ್ನನ್ನು ಕೇಳದೆ ಕಿಂಡಿಯೊಳಗೆ ಹೋಯಿತು. ಹೆಸರುಬೇಳೆಯಂಥ ಐದು ಬೆರಳು. ಅಂಗಾಲನ್ನು ತಟ್ಟಿದೆ. "ಉಸಿರಾಡು ಪುಟ್ಟಾ," ಎಂದೆ. ಅದಿತಿ ಒಮ್ಮೆ ಮುಖ ಕಿವಿಚಿ ಉಸಿರೆಳೆದಳು. ನರ್ಸ್ ಓಡಿಬಂದಾಗ ಗಂಟೆ ನಿಂತಿತ್ತು. ಆ ಸಂಜೆ ನಾನು ಕೈ ಹೊರಗೆ ತೆಗೆಯಲೇ ಇಲ್ಲ.

ಮೇ ತಿಂಗಳಲ್ಲಿ ಮಗು ಮನೆಗೆ ಬಂತು. ಅತ್ತೆ ಎಣ್ಣೆ ಹಚ್ಚಿ ಬಚ್ಚಲಲ್ಲಿ ಕಾಲು ನೀಡಿ ಕೂತು ನೀರು ಹಾಕಿದರು. ಊರಿಗೆ ಹೊರಡುವ ಮುಂಚೆ ಎರಡನೆಯ ಹುಳವನ್ನು ರೀಲಿನ ಡಬ್ಬಿಗೆ ಹಾಕಿ ಕರ್ಪೂರ ಇಟ್ಟರು. ಗರಿಗೆ ನುಸಿ ಹಿಡಿಯಬಾರದಂತೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನು ಆ ಹುಳವನ್ನು ನೀರಿಗೆ ತೋರಿಸಿರಲಿಲ್ಲ. ಒಂದು ಅಭ್ಯಾಸವನ್ನು ಮಾತ್ರ ಬಿಟ್ಟಿರಲಿಲ್ಲ. ಮಗಳು ಶಾಲೆಗೆ ಹೋದಳು, ಕಾಲೇಜಿಗೆ ಹೋದಳು, ದೂರದ ಫೋರ್ಟ್ ಮಿಲ್ ಎಂಬ ಊರಿನಲ್ಲಿ ಮನೆ ಮಾಡಿದಳು. ಬಂದಾಗಲೆಲ್ಲ ಅವಳು ಸೋಫಾದಲ್ಲಿ ನಿದ್ದೆ ಹೋದರೆ ನಾನು ಪೇಪರ್ ಅಡ್ಡ ಹಿಡಿದು ಅವಳ ಉಸಿರು ಎಣಿಸುತ್ತಿದ್ದೆ.

ಮೊನ್ನೆ ಶನಿವಾರ ಬಂದಿದ್ದಳು. ಡಬ್ಬಿ ಕೊಟ್ಟೆ. ಅಂಗೈ ಮೇಲೆ ಸುರಿದುಕೊಂಡು ನೋಡಿದಳು.

"ಇಟ್ಸ್ ಸೋ ಟೈನಿ. ಇದು ಅಜ್ಜಿ ಮಾಡಿದ್ದಾ?"

"ಹೌದು. ನಿನಗೋಸ್ಕರ ಅಂತಾನೇ ಅನ್ನು."

"ಅಪ್ಪ, ಇದು ಮೀನಿಗೆ ಅಲ್ವಾ? ವೈ ಈಸ್ ಇಟ್ ಇನ್ ಎ ಬಾಕ್ಸ್?"

ಭಾನುವಾರ ಬೆಳಿಗ್ಗೆ ಇಬ್ಬರೂ ಅದೇ ಕೆರೆಗೆ ಹೋದೆವು. ಕನ್ನಡಕ ಹಣೆಗೇರಿಸಿ ಹುಳವನ್ನು ದಾರಕ್ಕೆ ನಾನೇ ಕಟ್ಟಿದೆ. ಅದಿತಿ ಬೀಸಿದಳು. ನನಗಿಂತ ಚೆನ್ನಾಗಿಯೇ ಬಿತ್ತು.

"ಎಳೀಬೇಡ, ಸುಮ್ನೆ ನಿಂತ್ಕೋ," ಎಂದೆ.

"ಎಷ್ಟು ಹೊತ್ತು?"

"ಅದು ಬರೋವರ್ಗೂ."

ಅವಳು ನಿಂತಳು. ಮಾರ್ಚ್‌ನ ಚಳಿಗೆ ಅವಳ ಬಾಯಿಂದ ಬಿಳಿಯ ಹೊಗೆ ಹೊರಟು ನೀರಿನ ಮೇಲೆ ಕರಗುತ್ತಿತ್ತು, ಮತ್ತೆ ಹೊರಡುತ್ತಿತ್ತು. ನಾನು ಕಲ್ಲಿನ ಮೇಲೆ ಕೂತು ದಾರವನ್ನು ನೋಡುತ್ತಿದ್ದೆ. ತುಂಬ ಹೊತ್ತಾದ ಮೇಲೆ ಗಮನಕ್ಕೆ ಬಂತು, ನಾನು ಎಣಿಸುತ್ತಿರಲಿಲ್ಲ.