ಡಿಸ್ಕ್ ಅಮಾತೆಪ್ಪನ ಅಮಾವಾಸ್ಯೆ

ಹುನಗುಂದದ ಅಮಾತೆಪ್ಪನಿಗೆ ಅಮಾವಾಸ್ಯೆ ಬಂತೆಂದರೆ ಹಬ್ಬ. ಕೇಳಿದವರು ನಗುತ್ತಾರೆ, ನಗಲಿ. ಇಳಕಲ್ಲಿನ ನೇಕಾರರು ಅವತ್ತು ಮಗ್ಗ ಮುಟ್ಟುವುದಿಲ್ಲ. ಓಣಿಯ ಖಟಪಟ ನಿಂತು ಜನ ಮನೆಯಲ್ಲಿ ಸಿಗುತ್ತಾರೆ. ವೀಡಿಯೊ ಗೇಮಿನ ಡಿಸ್ಕುಗಳನ್ನು ಹೆಗಲಚೀಲದಲ್ಲಿ ತುಂಬಿಕೊಂಡು ಮನೆಮನೆ ತಿರುಗುವವನಿಗೆ ಅದಕ್ಕಿಂತ ಒಳ್ಳೆಯ ದಿನ ಯಾವುದಿದ್ದೀತು?

ಅವನ ದಂಧೆ ಹೀಗಿತ್ತು. ಬಾಗಲಕೋಟೆಯ ವಿದ್ಯಾಗಿರಿಗೆ ಹೋಗಿ ಹಾಸ್ಟೆಲ್ ಹುಡುಗರು ಆಡಿ ಬಿಟ್ಟ ಡಿಸ್ಕು ತರುವುದು, ಗೀರು ಬಿದ್ದಿದ್ದರೆ ಟೂತ್‌ಪೇಸ್ಟ್ ಹಚ್ಚಿ ಮೆತ್ತಗೆ ಉಜ್ಜುವುದು, ಹುನಗುಂದ, ಇಳಕಲ್ಲಿನ ಮನೆಗಳಿಗೆ ಒಯ್ಯುವುದು. ಆಡಿ ಮುಗಿಸಿದ್ದನ್ನು ಕೊಡಿ, ಮೇಲಿಷ್ಟು ರೊಕ್ಕ ಕೊಟ್ಟು ಬೇರೆಯದನ್ನು ತಗೊಳ್ಳಿ. ಒಂದು ಕಾಲಕ್ಕೆ ಇಳಕಲ್ಲೊಂದರಲ್ಲೇ ನಲವತ್ತು ಮನೆಗಳಿದ್ದವು. ಅರ್ಧ ಊರು ಅವನನ್ನು ಡಿಸ್ಕ್ ಅಮಾತೆಪ್ಪ ಎಂದೇ ಕರೆಯುತ್ತಿತ್ತು.

ಆಮೇಲೆ ಬಂತಲ್ಲ ಡೌನ್‌ಲೋಡು, ಅದರ ಮನೆ ಹಾಳಾಗ!

"ಡಿಸ್ಕ್ ಯಾರ್ ತಗೋತಾರ್ರೀ ಈಗ? ಗುಂಡಿ ಒತ್ತಿದ್ರ ಆಟ ಮನಿಗೇ ಬರ್ತೈತಿ" ಎಂದ ವಿದ್ಯಾಗಿರಿಯ ಹುಡುಗನೊಬ್ಬ.

"ಆಡಿ ಬ್ಯಾಸರಾದ ಮ್ಯಾಲ ಯಾರಿಗೆ ಕೊಡ್ತಿ?"

"ಯಾರಿಗೂ ಕೊಡಾಕ ಬರಂಗಿಲ್ರಿ. ಅದು ನನ್ನ ಹೆಸರಿಗೇ ಇರತೈತಿ."

ಅಮಾತೆಪ್ಪನಿಗೆ ಇದು ತಲೆಗೇ ಹೋಗಲಿಲ್ಲ. ಇನ್ನೊಬ್ಬರ ಕೈಗೆ ಕೊಡಲು ಬಾರದ್ದು ಎಂಥ ವಸ್ತು? ಅವನಿಗೆ ಅರ್ಥವಾಗಲಿ ಬಿಡಲಿ, ಜಗತ್ತು ಕಾಯಲಿಲ್ಲ. ನಲವತ್ತು ಮನೆ ಹತ್ತಾಯಿತು, ಹತ್ತು ಮೂರಾಯಿತು. ಹೊಟ್ಟೆಪಾಡಿಗೆಂದು ಹುನಗುಂದದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಕವರ್ ಮಾರಲು ಕೂತ. ಕಳೆದ ವರ್ಷದಿಂದ ಇಳಕಲ್ಲಿನಲ್ಲಿ ಉಳಿದದ್ದು ಒಂದೇ ಮನೆ.

ಅದು ಅಂಬವ್ವನ ಮನೆ. ಅಂಬವ್ವ, ಮಗ ಸಂಜು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಹಿರಿಯ ಮಗಳು ಮಹಾನಂದಾ. ಡಿಸ್ಕು ಬೇಕಿದ್ದದ್ದು ಮಹಾನಂದಾಗೆ. ತಿಂಗಳಿಡೀ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಸೀರೆ ನೇಯುವ ಹೆಂಗಸು, ಸಂಜೆ ಹೊತ್ತು ತಮ್ಮನ ಗೇಮಿನ ಯಂತ್ರದಲ್ಲಿ ಕಾರು ಓಡಿಸುತ್ತಿದ್ದಳು. "ಕುಂತಲ್ಲೇ ಕುಂತು ಸಾಕಾಗೈತ್ರಿ, ಒಂದೀಟು ದೂರ ಹೋಗಿ ಬರ್ತೇನಿ" ಎಂದು ನಗುತ್ತಿದ್ದಳು.

ಡಿಸ್ಕು ಕೊಟ್ಟು ಹಾಗೇ ಹೊರಡುವಂತಿರಲಿಲ್ಲ. ಯಂತ್ರಕ್ಕೆ ಹಾಕಿ ನಡೆಯುತ್ತದೋ ಇಲ್ಲವೋ ನೋಡಬೇಕು. ಹಳೆಯ ಯಂತ್ರ, ಕಾಲು ಗಂಟೆ ಗುರ್ ಅನ್ನುತ್ತಲೇ ಇರುತ್ತಿತ್ತು. ಆ ಕಾಲು ಗಂಟೆ ಅಮಾತೆಪ್ಪ ಪಡಸಾಲೆಯಲ್ಲಿ ಕೂತು, ಅವಳು ತಂದ ಚಹಾ ಕುಡಿಯುತ್ತ, ಅವಳ ಮಾತು ಕೇಳುತ್ತಿದ್ದ. ವಿಧವೆ ಇರುವ ಮನೆಗೆ ಪರಗಂಡಸು ಸುಮ್ಮನೆ ಹೋಗಿ ಕೂತರೆ ಓಣಿ ಬಿಟ್ಟೀತೇ? ಕೈಯಲ್ಲಿ ಡಿಸ್ಕು ಇದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ.

"ಒಂದ ಮನಿಗೆ ಬಸ್ ಹತ್ತಿ ಹೋಗ್ತೀಯಲ್ಲಲೇ, ತಲಿ ನೆಟ್ಟಗೈತೇನು?" ಎಂದು ಗೆಳೆಯ ರಾಚಯ್ಯ ಬೈದರೆ, "ವ್ಯಾಪಾರಲೇ" ಎನ್ನುತ್ತಿದ್ದ. ವ್ಯಾಪಾರವಂತೆ, ವ್ಯಾಪಾರ! ನಲವತ್ನಾಲ್ಕಾದರೂ ಲಗ್ನವಾಗದ ಮನುಷ್ಯ, ಆ ಕಾಲು ಗಂಟೆಗಾಗಿ ತಿಂಗಳಿಡೀ ದಿನ ಎಣಿಸುತ್ತಿದ್ದ. ಪಾಪ ಅನ್ನಬೇಕೋ, ಕಪಾಳಕ್ಕೊಂದು ಬಿಗಿಯಬೇಕೋ ತಿಳಿಯುವುದಿಲ್ಲ.

ಈ ಸಲದ ಅಮಾವಾಸ್ಯೆಗೆ ಗಟ್ಟಿ ಮನಸ್ಸು ಮಾಡಿದ್ದ. ಡಿಸ್ಕು ಶುರುವಾಗುವಷ್ಟರಲ್ಲಿ ಮಹಾನಂದಾಳನ್ನು ಕೇಳಿಯೇ ಬಿಡುವುದು. ತಾನು ಲಿಂಗಾಯತ, ಅವರು ನೇಕಾರರು, ಮಂದಿ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಡ್ಡಗಾಡಿನ ದಾರಿಯಲ್ಲಿ ಕಾರು ಓಡುವ ಹೊಸ ಆಟವೊಂದನ್ನು ಚೀಲಕ್ಕೆ ಹಾಕಿಕೊಂಡು ಬಂದ.

ಪಡಸಾಲೆಯಲ್ಲಿ ಟಿವಿಯ ಕೆಳಗೆ ಬಿಳಿಯ ಹೊಸ ಯಂತ್ರ ಕೂತಿತ್ತು. ಅಮಾತೆಪ್ಪ ಅದರ ಮುಂದೆ, ಬದಿಗೆ, ಹಿಂದೆ ಕೈಯಾಡಿಸಿದ. ಡಿಸ್ಕು ಹಾಕುವ ಜಾಗವೇ ಸಿಗಲಿಲ್ಲ.

"ಇದಕ್ಕ ಡಿಸ್ಕ್ ಬೇಕಿಲ್ಲ ಕಾಕಾ, ಎಲ್ಲಾ ಡೌನ್‌ಲೋಡು" ಎಂದ ಸಂಜು ಖುಷಿಯಿಂದ. "ಅಕ್ಕ ಹಗಲೆಲ್ಲಾ ದುಡೀತಾಳ, ಆಕಿಗಂತನ ತಂದೇನಿ."

"ಛಲೋ ಆತು ಬಿಡಪಾ" ಎಂದಳು ಅಂಬವ್ವ. "ನಿನಗೂ ಬಿಸಲಾಗ ಬಸ್ಸಿಗೆ ಅಲಿಯೂದು ತಪ್ಪಿತು."

ಮುದುಕಿ ಅಂದದ್ದು ಕರುಣೆಯಿಂದಲೇ. ಅಮಾತೆಪ್ಪ ಚೀಲದಿಂದ ತೆಗೆದ ಡಿಸ್ಕನ್ನು ಹಿಡಿದುಕೊಂಡೇ ಕೂತ.

ಒಳಗಿನಿಂದ ಚಹಾ ತಂದ ಮಹಾನಂದಾ ಅವನ ಕೈಯಲ್ಲಿದ್ದ ಡಿಸ್ಕನ್ನು ನೋಡಿದಳು. "ಹಳೇ ಮಷಿನ್ ಎಲ್ಲೈತೋ ಸಂಜು? ಅದಕ್ಕ ಹಾಕು."

"ಅದನ್ನ ಕೊಟ್ಟ ಇದನ್ನ ತಂದೇನಬೇ ಅಕ್ಕಾ. ತಡಿ, ಇವರು ತಂದ ಆಟ ಇದರಾಗನ ಸಿಗತೈತಿ." ಸಂಜು ಹುಡುಕಿದ. ಸಿಕ್ಕಿಯೇಬಿಟ್ಟಿತು. ಚಹಾದ ಬಿಸಿ ಆರುವ ಮುಂಚೆಯೇ ಪರದೆಯ ಮೇಲೆ ಕಾರು ನಿಂತಿತ್ತು.

ಅಮಾತೆಪ್ಪ ಡಿಸ್ಕನ್ನು ಚೀಲದೊಳಗೆ ಹಾಕಿದ. ಚಹಾ ಒಂದೇ ಗುಟುಕಿಗೆ ಕುಡಿದ, ನಾಲಿಗೆ ಸುಟ್ಟಿತು. ಎದ್ದು ಹೊರಬಾಗಿಲಿಗೆ ಬಂದು ಚಪ್ಪಲಿ ಮೆಟ್ಟತೊಡಗಿದ.

ಮಹಾನಂದಾ ಹೊಸ್ತಿಲವರೆಗೆ ಬಂದಳು. "ಮುಂದಿನ ಅಮಾಸಿಗೆ ಬರ್ತೀರಿಲ್ಲೋ?"

ಹೌದು ಅಂದಿದ್ದರೆ ಸಾಕಿತ್ತು. ಆದರೆ ಅವನಿಗೆ ಆ ಯಂತ್ರದ ಮೇಲಿದ್ದ ಸಿಟ್ಟೆಲ್ಲ ನಾಲಿಗೆಗೆ ಬಂದು ಕೂತಿತ್ತು. "ಇನ್ನ ಯಾಕ್ರಿ? ನಿಮಗ ಎಲ್ಲಾ ಮನ್ಯಾಗ ಸಿಗತೈತಲ್ಲ" ಎಂದ.

ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ. "ಬರೇ ಆಟ ಅಷ್ಟ ಸಿಗತೈತ್ರಿ" ಎಂದಳು.

ಅವನಿಗೆ ಕೇಳಿಸಿತು. ಚೆನ್ನಾಗಿ ಕೇಳಿಸಿತು. ತಿರುಗೋ ಪುಣ್ಯಾತ್ಮಾ, ತಿರುಗಿ ಆ ಹೆಂಗಸಿನ ಮುಖ ನೋಡೋ! ಒಳಗೆ ಅಂಬವ್ವ ಇದ್ದಳು, ಸಂಜು ಇದ್ದ, ಎದುರು ಕಟ್ಟೆಯ ಮೇಲೆ ಓಣಿಯ ನಾಲ್ಕು ಮಂದಿ ಕೂತಿದ್ದರು. ಅವನ ಕೈಯಲ್ಲಿ ಈಗ ಏನೂ ಇರಲಿಲ್ಲ. ತಲೆ ತಗ್ಗಿಸಿ ಬಿರಬಿರನೆ ನಡೆದ. ಓಣಿಯ ತಿರುವು ದಾಟುವವರೆಗೂ ಹಿಂದೆ ಬಾಗಿಲು ಮುಚ್ಚಿದ ಸದ್ದು ಬರಲಿಲ್ಲ.

ಬಸ್ಸು ಇಳಕಲ್ ದಾಟಿ ಹೊಲಗಳ ನಡುವೆ ಬಂದಾಗ, ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತು ತಾನಾಗಿಯೇ ಹೊರಬಿತ್ತು. "ನನ್ನ ಲಗ್ನ ಆಗ್ತೀರೇನ್ರಿ?"

ಪಕ್ಕದಲ್ಲಿ ಕೂತಿದ್ದ ಮುದುಕಿ ಬೆಚ್ಚಿ ತಿರುಗಿದಳು. "ಯಾರಿಗೆ ಕೇಳಾಕತ್ತೀಯೋ ತಮ್ಮಾ?"

"ಯಾರಿಗೂ ಇಲ್ಲ ಬಿಡ್ರಿ ಯವ್ವಾ" ಎಂದ.