ಸೆರಗಿನಿಂದ ಹೆಸರು ತೆಗೆಯುವ ಅಕ್ಕಯ್ಯಮ್ಮ

ಬೆಳಗಿನ ಎಳೆಬಿಸಿಲು ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಆಗಷ್ಟೇ ಇಳಿಯುತ್ತಿದೆ. ಅಕ್ಕಯ್ಯಮ್ಮ ಜಗಲಿಯ ಮೇಲೆ ಕುಳಿತು, ಮೈತುಂಬಾ ತೂತುಗಳಿರುವ ರಟ್ಟೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಪಕ್ಕದಲ್ಲಿ ಮೈದಾ ಅಂಟು, ಕಾಗದದ ಚೂರುಗಳು. ಒಂದು ತೂತಿಗೆ ಚೂರು ಅಂಟಿಸಿ ಹೆಬ್ಬೆರಳಿನಿಂದ ಒತ್ತುತ್ತಾರೆ. ಅಲ್ಲಿಗೆ ಯಾರದೋ ಹೆಸರಿನ ಒಂದು ಚುಕ್ಕೆ ಮಾಯ.

ಈ ರಟ್ಟಿಗೆ ಇಲ್ಲಿ ಅಟ್ಟೆ ಎನ್ನುತ್ತಾರೆ. ಇವನ್ನು ಸಾಲಾಗಿ ಪೋಣಿಸಿ ಮಗ್ಗದ ಮೇಲೇರಿಸಿದರೆ, ತೂತಿದ್ದ ಕಡೆ ಎಳೆ ಎದ್ದು ಸೆರಗಿನಲ್ಲಿ ಹೂವು ಮೂಡುತ್ತದೆ. ಮದುವೆ ಸೀರೆಯಲ್ಲಿ ಮದುಮಗಳ ಹೆಸರನ್ನೂ ನೇಯಿಸುವ ಷೋಕಿ ಈಚೆಗೆ ಕೆಲವು ಮನೆಗಳಲ್ಲಿ ಹತ್ತಿಕೊಂಡಿದೆ. ಮದುವೆ ಮುಗಿದರೂ ಹೆಸರು ಅಟ್ಟೆಯಲ್ಲೇ ಉಳಿಯುತ್ತದೆ. ಹೂವು ಬಿಟ್ಟು ಹೆಸರನ್ನಷ್ಟೇ ತೆಗೆಯಬೇಕು. ಇಲ್ಲದಿದ್ದರೆ ಮುಂದಿನ ಮದುಮಗಳು ಇನ್ನೊಬ್ಬಳ ಹೆಸರು ಹೊದ್ದು ಹಸೆಮಣೆ ಏರಬೇಕಾದೀತು!

ಯಾವ ತೂತು ಹೂವಿನದು, ಯಾವುದು ಹೆಸರಿನದು? ನನಗಂತೂ ತಲೆಬುಡ ತಿಳಿಯಲಿಲ್ಲ. ಕೇಳಿಯೇಬಿಟ್ಟೆ.

“ಹೂವು ತಿರ್ಗಾ ತಿರ್ಗಾ ಬರ್ತದೆ ಕಣಪ್ಪ. ಹೆಸ್ರು ಒಂದೇ ಕಡೆ ಬಂದು ಹೊಂಟೋಯ್ತದೆ. ಜೊತೆ ಇಲ್ದೆ ಒಂಟಿಯಾಗಿರೋ ತೂತ ಹುಡುಕ್ತೀನಿ, ಮುಚ್ತೀನಿ. ಅಷ್ಟೇಯ.”

ಅಟ್ಟೆಗೆ ತೂತು ಹೊಡೆಯುತ್ತಿದ್ದ ಗಂಡ ಪಿಳ್ಳಪ್ಪನವರ ಪಕ್ಕ ಕುಳಿತು ಕಲಿತ ಕೆಲಸ ಇದು. ಅವರು ತೀರಿಕೊಂಡ ಮೇಲೆ ಒಲೆ ಉರಿಯುತ್ತಿರುವುದು ಇದರಿಂದಲೇ. ಆದರೆ ಹೋದ ವರ್ಷ, ೧೯೭೩ರ ಯುಗಾದಿ ಹೊತ್ತಿಗೆ, ಅಕ್ಕಯ್ಯಮ್ಮನವರ ಲೆಕ್ಕ ಕೈಕೊಟ್ಟಿತು. ಸೆರಗಿನ ಮೂಲೆಯಲ್ಲಿ ಒಂದೇ ಒಂದು ಮೊಗ್ಗಿತ್ತು. ಒಂಟಿಯಾಗಿದೆಯಲ್ಲ ಎಂದು ಅದನ್ನೂ ಮುಚ್ಚಿದರು. ಸೀರೆಗಳು ಮೂಲೆ ಬೋಳಾಗಿ ಬಂದವು. ಇನ್ನೊಮ್ಮೆ ಹೀಗಾದರೆ ಬೆಂಗಳೂರಿನಿಂದ ಹೊಸ ಅಟ್ಟೆಯನ್ನೇ ತರಿಸುತ್ತೇನೆ ಎಂದು ಮಗ್ಗದ ಯಜಮಾನ ಸಂಜೀವಪ್ಪ ಖಡಾಖಂಡಿತವಾಗಿ ಹೇಳಿದ್ದಾರೆ.

“ಅವತ್ತಿಂದ ಅದೇ ಅಟ್ಟೇಲಿ ನೇಯ್ದ ಹಳೇ ಸೀರೆ ಸೆರಗ ತೊಡೆ ಮೇಲೆ ಹಾಸ್ಕೊಂಡೇ ಕೂತ್ಕೊಳೋದು. ಒಂಟಿ ಅಂತ ಎಲ್ಲಾನೂ ಮುಚ್ಬಾರ್ದು. ನಾನೂ ಒಂಟೀನೇ ಅಲ್ವಾ?” ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ.

ಇವತ್ತಿನ ಅಟ್ಟೆಯಲ್ಲೂ ಅಂಥದೇ ಮೊಗ್ಗು, ಅದೂ ಹೆಸರಿಗೆ ಅಂಟಿಕೊಂಡಂತೆ. ಈಗ ಅದರಲ್ಲಿ ನೇಯಬೇಕಿರುವುದು ಬೂದಿಗೆರೆಯವರ ಮದುವೆ ಸೀರೆ. ಅಟ್ಟೆ ಹಿಡಿದು ಸಂಜೀವಪ್ಪನವರ ಮಗ್ಗದ ಮನೆಗೆ ಹೋಗುತ್ತೇವೆ; ಕರೆಂಟು ಬಂದು ಮಗ್ಗ ಶುರುವಾಗುತ್ತದೆ. ಅಕ್ಕಯ್ಯಮ್ಮ ಒಳಗೆ ಬರುವುದಿಲ್ಲ, ಬಾಗಿಲಲ್ಲೇ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಾರೆ. ಹೂವಿನ ಸಾಲು ಬರುತ್ತದೆ, ಹೆಸರಿದ್ದ ಜಾಗ ಬರುತ್ತದೆ, ಕೊನೆಗೆ ಮೂಲೆಯಲ್ಲಿ ಮೊಗ್ಗು ಮೂಡುತ್ತದೆ. ಸಂಜೀವಪ್ಪ ಬಗ್ಗಿ ಬೆರಳಾಡಿಸುತ್ತಾರೆ.

“ಹೆಸ್ರು ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ ಕಣಕ್ಕ. ಇನ್ನೊಂದು ಕಟ್ಟು ಅಟ್ಟೆ ಐತೆ, ಮಧ್ಯಾಹ್ನ ಕಳಿಸ್ತೀನಿ.”

ಅಕ್ಕಯ್ಯಮ್ಮ ಕಣ್ಣೊರೆಸಿಕೊಂಡು ಮನೆಯತ್ತ ಹೊರಡುತ್ತಾರೆ. ಊರವರ ಹೆಸರನ್ನೆಲ್ಲ ತೆಗೆದವರಿಗೆ ತಮ್ಮ ಹೆಸರನ್ನೂ ಒಮ್ಮೆ ಸೆರಗಿನಲ್ಲಿ ನೋಡುವ ಆಸೆ ಇಲ್ಲವೇ ಎಂದು ದಾರಿಯಲ್ಲಿ ಕೇಳುತ್ತೇನೆ.

“ಆಸೆ ಇಲ್ದೆ ಏನಪ್ಪಾ? ಆದ್ರೆ ನೇಯ್ದಾದ್ಮೇಲೆ ಆ ಅಟ್ಟೇನೂ ನನ್ನ ಮನೆಗೇ ಬರ್ತದೆ. ಬೇರೆಯೋರ ಕೈಗೆ ಕೊಡಾಕಾಯ್ತದಾ? ನನ್ನಷ್ಟು ನೀಟಾಗಿ ಯಾರು ತೆಗೀತಾರೆ!”