ಅಕ್ವೇರಿಯಂ ಬೆವರಿದ ಮಧ್ಯಾಹ್ನ

ಥರ್ಮಾಮೀಟರ್ ಮೂವತ್ತೆರಡು ಡಿಗ್ರಿ ತೋರಿಸುತ್ತಿತ್ತು. ಯಾದಗಿರಿಯ ನಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಜೀವಂತ ಹವಳಗಳೆಲ್ಲ ಮುದುಡಿಕೊಂಡಿದ್ದವು. ಮೇ ತಿಂಗಳ ಬಿಸಿಗಾಳಿ ತಾಗದಿರಲೆಂದು ನಾನೇ ಕಿಟಕಿ ಹಾಕಿ, ತೊಟ್ಟಿಗೆ ಗಾಜಿನ ಮುಚ್ಚಳ ಮುಚ್ಚಿ, ಐಸ್ ಬಾಟಲಿ ತೇಲಿಬಿಟ್ಟಿದ್ದೆ. ಐಸ್ ಕರಗಿದೊಡನೆ ನೀರು ಮತ್ತೆ ಕಾಯುತ್ತಿತ್ತು.

ಡಬ್ಬಿ ಹಿಂತಿರುಗಿಸಲು ಬಂದ ಪಕ್ಕದ ಮನೆಯ ಖೈರುನ್‌ಬಿ ನನ್ನ ಪರದಾಟ ನೋಡಿದರು. ದಾರಿಹೋಕರಿಗೆಂದು ಬೇಸಿಗೆಯಿಡೀ ಬಾಗಿಲಲ್ಲಿ ನೀರಿನ ಮಣ್ಣಿನ ಕೊಡ ಇಡುವವರು ಅವರು.

"ಮುಚ್ಚಿಟ್ರ ನೀರು ಹ್ಯಾಂಗ ತಂಪಾಗ್ತದೋ ತಮ್ಮಾ? ನಮ್ಮ ಕೊಡ ಬೆವರತದ, ಅದಕ್ಕ ತಂಪಿರ್ತದ. ಇದೂ ಬೆವರಲಿ ಬಿಡು."

ಮುಚ್ಚಳವನ್ನು ಅವರೇ ಎತ್ತಿಟ್ಟರು. ನಾನು ಕಿಟಕಿ ತೆರೆದು, ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ತಿರುಗಿಸಿದೆ. ಸಂಜೆಗೆ ಇಪ್ಪತ್ತೆಂಟು! ಅರ್ಧ ಬೆರಳಿನಷ್ಟು ನೀರು ಆರಿಹೋಗಿತ್ತು. ಉಪ್ಪು ಹೆಚ್ಚಾಗದಂತೆ ಅಷ್ಟೇ ಶುದ್ಧ ಸಿಹಿನೀರು ಸುರಿದೆ. ಹವಳಗಳು ಒಂದೊಂದಾಗಿ ಅರಳತೊಡಗಿದವು. ಮತ್ತೆ ನೋಡಲು ಬಂದ ಖೈರುನ್‌ಬಿ ಗಾಜಿಗೆ ಮುಖ ಹಚ್ಚಿ ಕೇಳಿದರು: "ಸಮುದ್ರದಾಗ ಹಿಂಗ ಇರ್ತದೇನು? ನಾ ನೋಡೇ ಇಲ್ಲ."

ಯಾವ ಗಾಳಿಗೆ ಹೆದರಿ ಕಿಟಕಿ ಹಾಕಿದ್ದೆನೋ ಅದೇ ಗಾಳಿ ನನ್ನ ಹವಳಗಳನ್ನು ಉಳಿಸಿತ್ತು. ಈಗ ಅವರ ಬಾಗಿಲಲ್ಲಿ ನೀರು ಕುಡಿಯುವಾಗಲೆಲ್ಲ ಆ ಕೊಡದ ಒದ್ದೆ ಮೈಯನ್ನೊಮ್ಮೆ ಮುಟ್ಟಿ ನೋಡುತ್ತೇನೆ.